ಅಪ್ಪಣೆ ಬೇಕಿಲ್ಲ ಎಂಬ ಅಪ್ಪಣೆಪತ್ರ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಪುಣೆಯ ಭೋಸರಿಯಲ್ಲಿ ನಮ್ಮ ಕ್ಲಾಸಿನ ಮೆಟ್ಟಿಲು ಹತ್ತಿ ಮೂವರು ಬಂದರು. ಚಪ್ಪಲಿ ಬಾಗಿಲಾಚೆ ಬಿಟ್ಟು, ಕೈಮುಗಿದು, ತಗ್ಗಿದ ದನಿಯಲ್ಲಿ ಕೇಳಿದರು: ‘ಕೋಣ್ ಗೇಲೇ?’ ಯಾರು ಹೋದರು ಅಂತ!

ಯಾರೂ ಹೋಗಿರಲಿಲ್ಲ. ಕೆಳಗೆ ನಮ್ಮ ಬೋರ್ಡಿಗೆ ನಾನು ಮರಾಠಿ ಪೇಪರೊಂದನ್ನು ಅಂಟಿಸಿದ್ದೆ. ಶ್ರದ್ಧಾಂಜಲಿ ಫೋಟೋಗಳ ಪುಟವೇ ಹೊರಗೆ ಬಂದುಬಿಟ್ಟಿತ್ತು. (ಗಾಬರಿಯಲ್ಲಿದ್ದಾಗ ಯಾರು ಪುಟ ನೋಡಿ ಅಂಟಿಸುತ್ತಾರೆ?)

ಬೋರ್ಡು ಮುಚ್ಚುವ ಗತಿ ಯಾಕೆ ಬಂತು? ಹೇಳುತ್ತೇನೆ.

ವಾರದ ಐದು ದಿನ ನಾನು ಖರಾಡಿಯ ಆಫೀಸಿನಲ್ಲಿ ಪ್ರೋಗ್ರಾಮ್ ಬರೆಯುತ್ತೇನೆ. ಭಾನುವಾರ ಕನ್ನಡ ಸಂಘದ ಮೇಲಿನ ಕೋಣೆಯಲ್ಲಿ, ನಾಲ್ಕು ಹಳೇ ಕಂಪ್ಯೂಟರ್ ಇಟ್ಟುಕೊಂಡು, ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಜನಕ್ಕೆ ಅದನ್ನೇ ಕಲಿಸುತ್ತೇನೆ. ನಾವು ಕಲಿಸುವ ಪ್ರೋಗ್ರಾಮಿಂಗ್ ಭಾಷೆ ಪುಕ್ಕಟೆ. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಿ, ಬಳಸಿ, ಕಲಿಸಿ, ಕೇಳುವವರಿಲ್ಲ. ಹಾಗಂತ ತಿಳಿದು ಆ ಭಾಷೆಯ ಹೆಸರನ್ನು ಕ್ಲಾಸಿನ ಬೋರ್ಡಿನ ಮೇಲೆ ಮೂರು ಲಿಪಿಯಲ್ಲಿ, ದಪ್ಪಕ್ಷರದಲ್ಲಿ ಬರೆಸಿದ್ದೆ.

ಆ ಮೂವರು ಬಂದ ಹಿಂದಿನ ದಿನ, ಶನಿವಾರ, ಅದೇ ರಸ್ತೆಯ ಕಂಪ್ಯೂಟರ್ ಇನ್‌ಸ್ಟಿಟ್ಯೂಟ್ ಒಂದರಿಂದ ಟೈ ಕಟ್ಟಿದ ಮನುಷ್ಯ ಬಂದು ಸಂಘದ ಅಧ್ಯಕ್ಷ ದೇಸಾಯರ ಕೈಗೆ ನೋಟೀಸ್ ತುರುಕಿದ. ‘ಆ ಹೆಸರನ್ನು ನಾವು ರಿಜಿಸ್ಟರ್ ಮಾಡಿಸಿದ್ದೇವೆ. ಕ್ಲಾಸು ನಿಲ್ಲಿಸಿ, ಇಲ್ಲದಿದ್ದರೆ ಕೋರ್ಟು.’

ದೇಸಾಯರು ಬೆವೆತುಬಿಟ್ಟರು. ‘ಅಕ್ಕಾರ, ಮೂವತ್ತು ವರ್ಷ ಆತು ನಾ ಪುಣೆಕ್ಕ ಬಂದು. ಒಂದ್ ದಿನಾನೂ ಕೋರ್ಟಿನ ಮೆಟ್ಟಲಾ ಹತ್ತಿಲ್ಲ. ನಾಳಿ ಒಂದ್ ದಿನಾ ನಡಸ್ರಿ, ಆಮ್ಯಾಲ ಬಂದ್ ಮಾಡಿಬಿಡ್ರಿ. ಮೊದಲ ಆ ಹೆಸರು ಮುಚ್ಚರಿ!’

ನನಗೆ ಸಿಟ್ಟು ನೆತ್ತಿಗೇರಿತು. ಏರಿ ಏನು ಮಾಡುವುದು? ನೋಟೀಸು ವಕೀಲರ ಲೆಟರ್‌ಹೆಡ್ ಮೇಲಿತ್ತು; ಅದನ್ನು ಕಂಡರೆ ನನಗೂ ಭಯ. ಬಾಯಿ ಮುಚ್ಚಿಕೊಂಡು ಹೋಗಿ ಪೇಪರು ಅಂಟಿಸಿದೆ.

ಭಾನುವಾರ ಕ್ಲಾಸಿನಲ್ಲಿ ಎಲ್ಲರಿಗೂ ವಿಷಯ ಹೇಳಿದೆ. ಶರಣಪ್ಪನವರ ಮುಖವನ್ನಂತೂ ನೋಡಲಾಗಲಿಲ್ಲ. ಗುಲ್ಬರ್ಗಾ ಕಡೆಯವರು, ನಲವತ್ತು ದಾಟಿದೆ. ಕಾರ್ಖಾನೆಯ ಟೂಲ್ ರೂಮಿನಲ್ಲಿ ದಿನವಿಡೀ ನಿಂತು ಕೇಳಿದವರಿಗೆ ಸ್ಪ್ಯಾನರು, ಡ್ರಿಲ್ ಬಿಟ್‌ಗಳನ್ನು ಕೊಡುವ ಕೆಲಸ. ಮಂಡಿ ಸವೆದಿದೆ, ಇನ್ನು ನಿಲ್ಲುವ ಹಾಗಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಯಾವ ಟೂಲ್ ಯಾರ ಹತ್ತಿರ ಇದೆ ಎಂದು ತೋರಿಸುವ ಪ್ರೋಗ್ರಾಮನ್ನು ತಿಂಗಳ ಕೊನೆಗೆ ಮ್ಯಾನೇಜರಿಗೆ ತೋರಿಸಿದರೆ ಕೂತು ಮಾಡುವ ಕೆಲಸ. ಇಲ್ಲದಿದ್ದರೆ ಮನೆ. ಪ್ರೋಗ್ರಾಮ್ ಅರ್ಧವಾಗಿತ್ತು. ಅವರಿಗೆ ಕಂಪ್ಯೂಟರ್ ಸಿಗುವುದು ನಮ್ಮಲ್ಲಿ ಮಾತ್ರ.

ಕೊನೆಗೆ ದಾರಿ ತೋರಿಸಿದವರು ಅವರೇ. ‘ಅಕ್ಕಾರ, ನಮ್ಮ ಟೂಲ್ ರೂಮಿನಾಗ ಸ್ಪ್ಯಾನರ್ ಎಲ್ಲಾರೂ ತಗೋತಾರ. ಆದ್ರ ನೋಡಕೊಳ್ಳಾಕ ನಾ ಇಲ್ಲೇನ್ರಿ? ಹಂಗ ಈ ಭಾಷಾಕ್ಕೂ ಯಾರರ ಇರಬೇಕಲ್ರಿ? ಅವರನ್ನ ಕೇಳ್ರಿ.’

ನನಗೆ ನಾಚಿಕೆಯಾಯಿತು. ವರ್ಷಗಟ್ಟಲೆ ಈ ಭಾಷೆಯಲ್ಲಿ ಅನ್ನ ತಿಂದಿದ್ದೇನೆ, ಇದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಒಮ್ಮೆಯಾದರೂ ಕೇಳಿದ್ದೇನೆಯೇ? ಕ್ಲಾಸಿನಲ್ಲಿ ಇಂಟರ್‌ನೆಟ್ ಇಲ್ಲ, ಎಲ್ಲರೂ ಸೈಬರ್ ಕೆಫೆಗೆ ಹೋದೆವು. ಭಾಷೆಯ ವೆಬ್‌ಸೈಟಿನ ಅಡಿಯಲ್ಲಿ, ನಾನು ಎಂದೂ ಒತ್ತದ ಒಂದು ಲಿಂಕ್. ಒತ್ತಿದರೆ, ಅಮೆರಿಕದಲ್ಲಿ ಲಾಭದ ಆಸೆಯಿಲ್ಲದ ಒಂದು ಪುಟ್ಟ ಸಂಸ್ಥೆ! ಭಾಷೆಯ ಹೆಸರು ಕಾಯುವುದು, ಎಲ್ಲರೂ ಇಳಿಸಿಕೊಳ್ಳುವ ಸರ್ವರುಗಳು ನಿಲ್ಲದಂತೆ ನೋಡುವುದು, ಊರೂರಲ್ಲಿ ಕಲಿಸುವವರಿಗೆ, ಸಭೆ ಸೇರುವವರಿಗೆ ಕೈಲಾದ ನೆರವು. ಮಾಡುವವರಲ್ಲಿ ಹೆಚ್ಚಿನವರು ತಮ್ಮ ನೌಕರಿ ಮುಗಿಸಿಕೊಂಡು ಸಂಬಳವಿಲ್ಲದೆ ಮಾಡುತ್ತಾರೆ.

ಈಮೇಲ್ ಬರೆಯಲು ಕೂತೆ. ಬರೆಸಿದವರು ದೇಸಾಯರು. ಒಕ್ಕಣೆ ಹೇಗಿತ್ತು ಗೊತ್ತೇ? ತಮ್ಮ ಅನುಮತಿ ಪಡೆಯದೆ ಕಲಿಸಿದ್ದಕ್ಕೆ ಕ್ಷಮೆ ಕೋರುತ್ತೇವೆ, ಈಗಲಾದರೂ ಅಪ್ಪಣೆ ದಯಪಾಲಿಸಬೇಕಾಗಿ ವಿನಂತಿ! ಜೊತೆಗೆ ನೋಟೀಸಿನ ಸ್ಕ್ಯಾನು, ಸಂಘದ ನೋಂದಣಿ ಪತ್ರ, ವಿದ್ಯಾರ್ಥಿಗಳ ಪಟ್ಟಿ. ಪಟ್ಟಿಯ ಮೇಲೆ ಸಂಘದ ಗುಂಡು ಸೀಲು. (ಸೀಲಿಲ್ಲದ ಅರ್ಜಿಯನ್ನು ಅಮೆರಿಕದವರೂ ಓದುವುದಿಲ್ಲ ಎಂದು ದೇಸಾಯರ ಖಾತ್ರಿ ನಂಬಿಕೆ.)

ಬುಧವಾರ ಉತ್ತರ ಬಂತು. ಬರೆದವಳು ಸಂಸ್ಥೆಯ ಒಬ್ಬ ಸ್ವಯಂಸೇವಕಿ. ಪಾಪ, ನಮ್ಮ ಕ್ಷಮಾಪಣೆ ಓದಿ ಅವಳೇ ಗಾಬರಿಯಾಗಿದ್ದಳು. ‘ದಯವಿಟ್ಟು ಕ್ಷಮೆ ಕೇಳಬೇಡಿ. ಕಲಿಸಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಮ್ಮಂಥವರನ್ನು ಯಾರೂ ತಡೆಯಬಾರದೆಂದೇ ನಾವು ಆ ಹೆಸರನ್ನು ಕಾಯುತ್ತಿದ್ದೇವೆ. ಅವರ ರಿಜಿಸ್ಟ್ರೇಷನ್ ಪತ್ರ ತೋರಿಸಲು ಹೇಳಿ. ನಾವೂ ಅವರಿಗೆ ಬರೆದಿದ್ದೇವೆ.’ ಕೆಳಗೆ ಒಂದು ಸಾಲು: ‘ನಿಮ್ಮ ಬೋರ್ಡಿನ ಫೋಟೋ ಕಳಿಸುವಿರಾ?’

ಉಸ್ಸಪ್ಪಾ! ಐದು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಆಫೀಸಿನಲ್ಲಿ ಕೂತಲ್ಲೇ ಕಣ್ಣು ತುಂಬಿ ಬಂತು. (ಬೋರ್ಡಿನ ಫೋಟೋ ಮಾತ್ರ ತಕ್ಷಣ ಕಳಿಸುವ ಹಾಗಿರಲಿಲ್ಲ.)

ಮರುದಿನ ಆ ಕಾಗದದ ಪ್ರಿಂಟು ಹಿಡಿದು ದೇಸಾಯರು, ಶರಣಪ್ಪ, ನಾನು ಇನ್‌ಸ್ಟಿಟ್ಯೂಟಿಗೆ ಹೋದೆವು. ರಿಜಿಸ್ಟ್ರೇಷನ್ ಪತ್ರ ತೋರಿಸಿ ಅಂದೆ. ಟೈ ಮನುಷ್ಯ ಡ್ರಾಯರ್ ಎಳೆದ, ಮುಚ್ಚಿದ, ಮತ್ತೆ ಎಳೆದ. ‘ಅರ್ಜ ಕೇಲಾ ಆಹೇ,’ ಎಂದು ಗೊಣಗಿದ. ಬರೀ ಅರ್ಜಿ ಹಾಕಿದ್ದನಂತೆ! ಅಮೆರಿಕದಿಂದ ಅವನಿಗೂ ಪತ್ರ ಬಂದಿತ್ತು. ಅಲ್ಲೇ ನಿಲ್ಲಿಸಿಕೊಂಡು ನೋಟೀಸ್ ವಾಪಸು ಪಡೆದಿದ್ದೇನೆಂದು ಬರೆಸಿಕೊಂಡೆವು. ಕೋರ್ಟಿಗೆ ಹೆದರಿದ್ದ ದೇಸಾಯರು ಈಗ ಗುಡುಗಿದರು: ‘ಸಹಿ ಮ್ಯಾಲ ಸೀಲ್ ಹೊಡೀರಿ!’

ತಿಂಗಳ ಕೊನೆಗೆ ಶರಣಪ್ಪ ಪ್ರೋಗ್ರಾಮ್ ತೋರಿಸಿದರು. ಮೊನ್ನೆ ಕ್ಲಾಸಿಗೆ ಪೇಢೆ ತಂದಿದ್ದರು. ‘ಹೆಂಗದರೀ ಕೆಲಸಾ?’ ಅಂದೆ. ‘ಕುರ್ಚಿ ಭಾಳ ಮೆತ್ತಗ ಅದರೀ ಅಕ್ಕಾರ,’ ಎಂದು ನಕ್ಕರು.

ಪೇಪರು ಕಿತ್ತು ಬೋರ್ಡು ತೊಳೆದಿದ್ದೇವೆ, ಫೋಟೋ ಹೋಗಿದೆ. ನಿಮಗೆ ಅಪ್ಪಣೆ ಬೇಕಿಲ್ಲ ಎಂಬ ಆ ಕಾಗದಕ್ಕೆ ದೇಸಾಯರು ಗಾಜಿನ ಕಟ್ಟು ಹಾಕಿಸಿ, ಕ್ಲಾಸಿನ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದಾರೆ. ಇದೇನು ಹುಚ್ಚು ಅಂತ ನಾನೇನೂ ನಗಲಿಲ್ಲ.

ಯಾರ ಅಪ್ಪಣೆಯೂ ಬೇಡ ಎಂದು ಯಾರಾದರೂ ಬರೆದುಕೊಡದಿದ್ದರೆ, ನಮಗೆ ಧೈರ್ಯವಾದರೂ ಎಲ್ಲಿಂದ ಬರುತ್ತಿತ್ತು ಹೇಳಿ?