ಐಗಳಿಯ ಕೋಲ್ಡ್ ಸ್ಟೋರೇಜು, ಅವ್ವನ ಪಂಚಮಿ

ಮೊನ್ನೆ ಚಿಕ್ಕೋಡಿಯ ಪೇಟೆಯಲ್ಲಿ ಪಾಯಸಕ್ಕೆಂದು ಪಾವು ಕಿಲೋ ಮಣೂಕ ತಂದೆ. ಮಣೂಕವೆಂದರೆ ಒಣದ್ರಾಕ್ಷಿ. ನಮ್ಮ ಕಡೆ ಯಾರಾದರೂ ಒಣದ್ರಾಕ್ಷಿ ಎಂದು ಕೇಳಿದರೆ ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿ ಹತ್ತು ರೂಪಾಯಿ ಹೆಚ್ಚಿಗೆ ಹೇಳುತ್ತಾನೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಗಂಧಕದ ವಾಸನೆ ಮೂಗಿಗೆ ಹೊಡೆಯಿತು. ಬಣ್ಣ ಕೆಡದಿರಲೆಂದು ಗಂಧಕದ ಹೊಗೆ ಕೊಟ್ಟಿರುತ್ತಾರೆ. ಸರಿಯಾಗಿ ಗಾಳಿಗೆ ಬಿಡದೆ ತುಂಬಿದರೆ ವಾಸನೆ ಉಳಿದುಬಿಡುತ್ತದೆ. ಬೇರೆ ದಿನವಾಗಿದ್ದರೆ ವಾಪಸು ಹೋಗಿ ಅಂಗಡಿಯವನ ಜೊತೆ ಒಂದು ಕೈ ನೋಡಿಯೇ ಬರುತ್ತಿದ್ದೆ. ಜಗಳಕ್ಕೆ ನಾನೇನೂ ಹಿಂದೆ ಸರಿಯುವವಳಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ. ಆದರೆ ಅವತ್ತು ಪೊಟ್ಟಣ ಹಿಡಿದುಕೊಂಡು ಒಲೆಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಅದು ನನ್ನ ಮಾಮಾನ ಅಂಗಿಯ ವಾಸನೆ.

ಮಾಮಾ ಎಂದರೆ ಅವ್ವನ ಅಣ್ಣ. ಐಗಳಿಯಲ್ಲಿ ಅವನ ದ್ರಾಕ್ಷಿ ತೋಟ, ತೋಟದ ಮಗ್ಗುಲಿಗೆ ಮಣೂಕ ಒಣಗಿಸುವ ಶೆಡ್ಡು. ನಾವಿದ್ದದ್ದು ರಾಯಬಾಗದ ಹತ್ತಿರದ ಹಳ್ಳಿಯಲ್ಲಿ. ನಡುವೆ ಕೃಷ್ಣಾ ಹೊಳೆ, ಹೊಳೆಯ ಮೇಲೆ ಕುಡಚಿಯ ಸೇತುವೆ. ನಾಗರ ಪಂಚಮಿ ಹತ್ತಿರ ಬಂತೆಂದರೆ ಮಾಮಾ ಅಥಣಿಯಲ್ಲಿ ಬಸ್ಸು ಬದಲಿಸಿ, ಆ ಸೇತುವೆ ದಾಟಿ, ತಂಗಿಯನ್ನು ಕರೆದೊಯ್ಯಲು ಬರುತ್ತಿದ್ದ. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಆಮೇಲೆಯೇ ತವರಿಗೆ ಹೆಜ್ಜೆ ಇಡಬೇಕು. ಕರೆಯದೆ ಹೋದವಳನ್ನು ಯಾರೂ ಹೊರಗೆ ಹಾಕುವುದಿಲ್ಲ, ಉಣ್ಣಲಿಕ್ಕೆ ಕಡಿಮೆ ಮಾಡುವುದೂ ಇಲ್ಲ. ಆದರೂ ಹೋಗುವುದಿಲ್ಲ. ಯಾಕೆಂದು ಗಂಡಸರು ಕೇಳುತ್ತಾರೆ. ಹೆಂಗಸರಿಗೆ ಹೇಳಬೇಕಾದದ್ದಿಲ್ಲ.

ಮಾಮಾ ಬಂದವನೇ ಕಾಲು ತೊಳೆದು, ಪಡಸಾಲೆಯಲ್ಲಿ ಕೂತು, ಚಹಾ ಮುಟ್ಟುವ ಮೊದಲೇ ಅಪ್ಪನಿಗೆ ಹೇಳುತ್ತಿದ್ದ: "ಪಂಚಮಿಗೆ ತಂಗೀನ್ನ ಕರಿಯಾಕ ಬಂದೀನ್ರಿ. ಕಳಸ್ತೀರಿ?"

"ಕಳಸೂದಿಲ್ಲ ಅಂದ್ರ ಬಿಟ್ಟ ಹೋಗಾವಂಗ ಕೇಳ್ತಾನ ನೋಡು," ಎಂದು ಅಪ್ಪ ನಗುತ್ತಿದ್ದ. ಒಳಗೆ ಅವ್ವ ಎರಡು ದಿನ ಮೊದಲೇ ಚೀಲ ಕಟ್ಟಿ ಇಟ್ಟಿರುತ್ತಿದ್ದಳು. ಆದರೂ ಏನೂ ಗೊತ್ತಿಲ್ಲದವಳ ಹಾಗೆ ಹೊರಗೆ ಬಂದು, "ಈಗ ಬಂದ್ಯಾ ಅಣ್ಣಾ?" ಎಂದು ಕೇಳುವಳು.

ಐಗಳಿಯಲ್ಲಿ ನನ್ನ ಅವ್ವ ನನ್ನ ಅವ್ವನಾಗಿರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗಟ್ಟಿಯಾಗಿ ಸೀನಲಿಕ್ಕೂ ಹಿಂದೆಮುಂದೆ ನೋಡುವ ಹೆಂಗಸು, ಅಲ್ಲಿ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಮೇಲೆ ನಿಂತು ಜೀಕುತ್ತಾ ಕೇಕೆ ಹಾಕುತ್ತಿದ್ದಳು. ಅಳ್ಳಿಟ್ಟು, ಶೇಂಗಾ ಉಂಡಿ ಬಾಯಲ್ಲಿಟ್ಟುಕೊಂಡೇ ಗೆಳತಿಯರ ಜೊತೆ ಮಾತು. ಸಣ್ಣವಳಿದ್ದಾಗ ನನಗೆ ಅದನ್ನು ನೋಡಿ ಹೆದರಿಕೆಯಾಗುತ್ತಿತ್ತು, ಎಲ್ಲಿ ಇವಳು ವಾಪಸು ಬರುವುದಿಲ್ಲ ಎನ್ನುತ್ತಾಳೋ ಎಂದು. ವರ್ಷಕ್ಕೆ ಐದಾರು ದಿನ ಸಿಗುತ್ತಿದ್ದ ಆ ಕೇಕೆಯ ಬಲದ ಮೇಲೆ ಉಳಿದ ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳೆಂದು ಈಗ ಅನ್ನಿಸುತ್ತದೆ.

ನಾನು ಕಾಲೇಜಿಗೆ ಹೋಗುವಾಗ ಮಾಮಾನ ತಲೆಗೆ ಕೋಲ್ಡ್ ಸ್ಟೋರೇಜು ಹೊಕ್ಕಿತು. ಐಗಳಿ, ತೆಲಸಂಗದ ಕಡೆಯ ಮಣೂಕವೆಲ್ಲ ಮಹಾರಾಷ್ಟ್ರಕ್ಕೆ ಹೋಗಿ ಅಲ್ಲಿಯ ಕೋಲ್ಡ್ ಸ್ಟೋರೇಜುಗಳಲ್ಲಿ ಕೂರುತ್ತಿತ್ತು. ಒಳ್ಳೆಯ ದರ ಬರುವ ತನಕ ಅಲ್ಲಿಯೇ ಬಾಡಿಗೆ ತೆರಬೇಕು. "ಹಣ್ಣ ನಮ್ಮದು, ಬಿಸಲ ನಮ್ಮದು, ಬಾಡಿಗಿ ಮಾತ್ರ ಅವರಿಗ್ಯಾಕ? ಇದ್ಯಾವ ಶಾಣ್ಯಾತನ?" ಎಂದು ಮಾಮಾ ಊರ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಕೇಳಿದವರೆಲ್ಲ ಹೌದೌದು ಎಂದು ಗೋಣು ಹಾಕಿದರು. ಹಿಂದುಳಿದ ಭಾಗದಲ್ಲಿ ಉದ್ಯಮ ಬೆಳೆಯಲೆಂದೇ ಸಾಲ ಕೊಡುವ ಸರಕಾರದ ಬ್ಯಾಂಕೊಂದಿದೆ ಎಂದು ಯಾರೋ ಹೇಳಿದರು. ಮಾಮಾ ಬೆಳಗಾವಿಗೆ ಓಡಾಡಿದ. ಅಧಿಕಾರಿಗಳು ಬಂದು ಹೊಲ ನೋಡಿ, ದ್ರಾಕ್ಷಿ ತಿಂದು, ಮಣೂಕ ಕಟ್ಟಿಸಿಕೊಳ್ಳಲು ಸಂಕೋಚಪಟ್ಟು ಹೋದರು. ಒಳ್ಳೆಯ ಮಂದಿಯೇ. ನಾನಂತೂ ಕಾಲೇಜಿನಲ್ಲಿ ನಮ್ಮ ಮಾಮಾ ಫ್ಯಾಕ್ಟರಿ ಹಾಕುತ್ತಾನೆ ಎಂದು ಹೇಳಿಕೊಂಡು ತಿರುಗಿದೆ. ಫ್ಯಾಕ್ಟರಿಗೂ ಕೋಲ್ಡ್ ಸ್ಟೋರೇಜಿಗೂ ವ್ಯತ್ಯಾಸ ಕೇಳುವಷ್ಟು ಬುದ್ಧಿ ನನ್ನ ಗೆಳತಿಯರಿಗಿರಲಿಲ್ಲ, ಪುಣ್ಯಕ್ಕೆ.

ಸಾಲಕ್ಕೆ ಹೊಲ ಒತ್ತೆ ಇಡಬೇಕು. ಆ ಹೊಲದ ಉತಾರದಲ್ಲಿ, ಎಂದರೆ ಪಹಣಿಯಲ್ಲಿ, ಅಜ್ಜ ತೀರಿದ ಮೇಲೆ, ಅವ್ವನ ಹೆಸರೂ ಸೇರಿತ್ತು. ತಂಗಿಯ ಸಹಿ ಬೇಕು ಎಂದರು ಬ್ಯಾಂಕಿನ ವಕೀಲರು. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳು ಮಾಡುವುದು ಒಂದೇ: ತಮ್ಮ ಪಾಲು ಬಿಟ್ಟುಕೊಟ್ಟೆವೆಂದು ಬರೆದುಕೊಡುವುದು. ಮರಾಠಿಯ ಗಾಳಿಯ ಊರುಗಳಲ್ಲವೇ, ಅದಕ್ಕೆ ಹೆಸರೂ ಮರಾಠಿಯದೇ, ಹಕ್ಕಸೋಡ. ಸಹಿ ಹಾಕಿದ ಮೇಲೆ ಅಣ್ಣ ಸೀರೆ ಉಡಿಸಿ ಉಡಿ ತುಂಬಬೇಕು. ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ, ಬಿಟ್ಟುಕೊಟ್ಟವಳಿಗೆ ಸಾಯುವ ತನಕ ತೆರೆದಿರುತ್ತದೆ. ಎಲ್ಲರೂ ನಂಬಿದ ಮಾತು ಇದು. ಅವ್ವನೂ ನಂಬಿದ್ದಳು.

ಅಥಣಿಯ ಕಚೇರಿಗೆ ಅವ್ವನ ಜೊತೆ ನಾನೂ ಹೋಗಿದ್ದೆ. ಅವ್ವ ಮದುವೆಗೆ ಹೊರಟವಳ ಹಾಗೆ ತಲೆಗೆ ಹೂವು ಮುಡಿದಿದ್ದಳು. ಸಹಿ ಮುಗಿಸಿ ಹೊರಗೆ ಬಂದಾಗ ಮಾಮಾನ ಕಣ್ಣು ತುಂಬಿತ್ತು. "ಇದು ನಿಂದ ಐತಿ ತಂಗಿ. ನಾ ಬರೇ ಕಾಯಾಂವ," ಎಂದ.

"ಹೊಲಾ ನೀ ತಗೋ ಅಣ್ಣಾ," ಎಂದಳು ಅವ್ವ. "ತವರ ಒಂದ ನನಗ ಇರ್ಲಿ."

ಬಸ್ಸಿನಲ್ಲಿ ಹೊಸ ಸೀರೆಯ ಸೆರಗು ಮುಟ್ಟಿ ಮುಟ್ಟಿ ನೋಡುತ್ತಾ ಕೂತಿದ್ದಳು. ನಾಲ್ಕೆಕರೆ ಕೊಟ್ಟು ಒಂದು ಸೀರೆ ತಂದೆಯಲ್ಲ, ಭಾರಿ ವ್ಯಾಪಾರ ನಿಂದು ಎಂದು ನಾನು ಚಾಷ್ಟಿ ಮಾಡಿದೆ. "ನಿನಗ ತಿಳಿಯೂದಿಲ್ಲ, ಸುಮ್ನ ಕೂಡು," ಎಂದಳು.

ಕಟ್ಟಡ ಎದ್ದಿತು. ಸುತ್ತಲಿನ ಹಳ್ಳಿಗಳಲ್ಲಿ ಅಷ್ಟು ಎತ್ತರದ್ದು ಇನ್ನೊಂದಿರಲಿಲ್ಲ. ಪೂಜೆಯ ದಿನ ಅವ್ವನ ಕೈಯಿಂದಲೇ ಗುಂಡಿ ಒತ್ತಿಸಿದರು. ತಂಪು ಗಾಳಿ ಮುಖಕ್ಕೆ ಬಡಿದದ್ದೇ ಹೆದರಿ ಸೆರಗು ಮುಚ್ಚಿಕೊಂಡಳು. ಮೊದಲ ವರ್ಷ ಊರವರು ಪ್ರೀತಿಗಾಗಿ ಮಣೂಕದ ಬಾಕ್ಸು ತಂದಿಟ್ಟರು. ಆದರೆ ಕೊಳ್ಳುವ ದಲಾಲರು ಇರುವುದು ಸಾಂಗಲಿಯ ಕಡೆ. ಅವರು ಐಗಳಿಯ ತನಕ ಬಂದು ಮಾಲು ನೋಡಲಿಲ್ಲ. ಫೋನ್ ಮಾಡಿದರೆ, "ಮಾಲ್ ಇಕಡೇ ಪಾಠವಾ," ಮಾಲು ಇತ್ತಲೇ ಕಳಿಸಿ, ಎಂದು ಒಂದೇ ಮಾತು. ಅರ್ಧ ರೈತರು ಅವರಿಂದ ಮುಂಗಡ ತಂದವರು; ಮುಂಗಡ ಕೊಟ್ಟವನ ಮಾತು ಮೀರುವುದು ಹೇಗೆ? ಇಲ್ಲಿಟ್ಟದ್ದನ್ನು ಮತ್ತೆ ಹೇರಿಕೊಂಡು ಅಲ್ಲಿಗೆ ಹೋಗುವುದೆಂದರೆ ಎರಡೆರಡು ಬಾಡಿಗೆ. ಮರುವರ್ಷ ಬಾಕ್ಸು ಕಡಿಮೆಯಾದವು, ಅದರ ಮರುವರ್ಷ ಖಾಲಿ ಕೋಣೆಗಳಿಗೆ ತಂಪು ಊದುತ್ತಾ ಕೂತ ಮಾಮಾ. ಕಂತು ತುಂಬಲಾಗಲಿಲ್ಲ. ಬ್ಯಾಂಕಿನವರು ವಾಯಿದೆ ಕೊಟ್ಟರು, ಮತ್ತೆ ಕೊಟ್ಟರು, ಕೊನೆಗೆ ಕಟ್ಟಡವೂ ಅದರಡಿಯ ಹೊಲವೂ ಲಿಲಾವಿನಲ್ಲಿ ಹೆಚ್ಚಿಗೆ ಕೂಗಿದವನ ಪಾಲಾದವು.

ಬೈಯಬೇಕೆಂದರೆ ಯಾರನ್ನು ಬೈಯಲಿ ಹೇಳಿ. ಅಂಥ ಸಾಲದಿಂದಲೇ ಎದ್ದ ಎಷ್ಟೋ ಉದ್ಯೋಗ ನಿಪ್ಪಾಣಿ, ಕಾಗವಾಡದ ರಸ್ತೆಗುಂಟ ಇವತ್ತೂ ನಡೆದಿವೆ, ಅವುಗಳ ಮುಂದೆ ಹಾಯುವಾಗ ನನಗೂ ಸಂತೋಷವಾಗುತ್ತದೆ. ಬ್ಯಾಂಕಿನವರು ಯಂತ್ರ ಎಷ್ಟು ತಂಪು ಮಾಡುತ್ತದೆ ಎಂದು ಕೇಳಿದ್ದರು, ನೀರು ಎಲ್ಲಿಂದ, ಕರೆಂಟು ಎಲ್ಲಿಂದ ಎಂದು ಕೇಳಿದ್ದರು. ಹೌದೆಂದು ಗೋಣು ಹಾಕಿದ ಮಂದಿ ಮಾಲು ತರುತ್ತಾರೋ ಇಲ್ಲವೋ ಎಂದು ಮಾಮಾನೇ ಕೇಳಿಕೊಂಡಿರಲಿಲ್ಲ, ಅವರೇನು ಕೇಳುತ್ತಾರೆ!

ಲಿಲಾವಾದ ವರ್ಷ ಪಂಚಮಿಗೆ ಮಾಮಾ ಬರಲಿಲ್ಲ. ಅವ್ವ ಚೀಲ ಕಟ್ಟಿ ಇಟ್ಟಿದ್ದಳು. ಹೊಳೆ ತುಂಬಿ ಕುಡಚಿಯ ಸೇತುವೆ ಮುಳುಗಿತ್ತು. "ಪೂಲ್ ಮುಳಗೇತಿ, ಹೆಂಗ ಬರ್ತಾನ ಪಾಪ," ಎಂದು ಅವಳೇ ನಮಗೆ ಸಮಾಧಾನ ಹೇಳಿದಳು. ಮರುವರ್ಷ ಮಳೆ ಕಡಿಮೆ, ಸೇತುವೆಯ ಮೇಲೆ ಬಸ್ಸು ಓಡಾಡುತ್ತಿದ್ದವು. ಅವತ್ತು ಅವ್ವ ಪದೇ ಪದೇ ಬಾಗಿಲಿಗೆ ಬಂದು, ಕುಡಚಿಯಿಂದ ಬಂದವರನ್ನೆಲ್ಲ ನಿಲ್ಲಿಸಿ, "ಹೊಳಿ ಹೆಂಗೈತ್ರಿ?" ಎಂದು ಕೇಳಿದಳು. ಇಳಿದೈತಿ ಎಂದರು ಎಲ್ಲರೂ. ಒಬ್ಬನಾದರೂ ಸುಳ್ಳು ಹೇಳಬಾರದಿತ್ತೇ!

ಅಲ್ಲಿಂದ ಮುಂದೆ ಅವನು ಬರಲೇ ಇಲ್ಲ. ನನ್ನ ತಮ್ಮ ಬಸೂನ ಮದುವೆಗೂ ಹೆಂಡತಿಯನ್ನು ಕಳಿಸಿದ, ತಾನು ಬರಲಿಲ್ಲ. ಅವ್ವ ಫೋನ್ ಮಾಡಿದರೆ ಮಾಮಾ ಯಾವಾಗಲೂ ಹೊರಗೇ ಹೋಗಿರುತ್ತಿದ್ದ. ಅವ್ವ ಹೊಲದ ಬಗ್ಗೆ ಒಂದು ದಿನವೂ ಒಂದು ಮಾತು ಆಡಿದವಳಲ್ಲ. ಅವಳ ಲೆಕ್ಕದಲ್ಲಿ ಅದು ಹೋದದ್ದೇ ಅಲ್ಲ, ಅಣ್ಣನಿಗೆ ಕೊಟ್ಟದ್ದು. ಅಪ್ಪನಿಗೇ ಕಡೆಗೆ ತಡೆಯಲಾಗಲಿಲ್ಲ. "ನಾನ ಬಿಟ್ಟ ಬರ್ತೀನಿ ನಡಿ ಐಗಳಿಗೆ. ಏನ ಆಕ್ಕತಿ?" ಎಂದ.

"ಕರೀದ ಹೋಗಾಕ ಅದೇನ ಸಂತೀನ್ರಿ?" ಎಂದಳು ಅವ್ವ.

"ಹಂಗಾದ್ರ ಫೋನಿನ್ಯಾಗ ಹೇಳು, ಕರಿಯಾಕ ಬಾ ಅಂತ."

"ಹೇಳಿ ಕರಿಸ್ಕೊಂಡ್ರ ಅದು ಕರಿಯೋದ ಹೆಂಗಾಕ್ಕತಿ?"

ಇವರ ಹಟಕ್ಕೆ ಏನೆನ್ನಬೇಕು! ಅವನಿಗೆ ನಾಚಿಕೆ, ಇವಳಿಗೆ ರಿವಾಜು. ನಡುವೆ ಮೂರು ತಾಸಿನ ದಾರಿ. ಪ್ರತಿ ಶ್ರಾವಣ ಅವ್ವ ಉಂಡಿ ಕಟ್ಟುತ್ತಿದ್ದಳು, ಒಂದು ಡಬ್ಬಿ ಬೇರೆ ತೆಗೆದಿಡುತ್ತಿದ್ದಳು, ಹಬ್ಬ ಮುಗಿದ ಮೇಲೆ ಅದನ್ನು ಕೆಲಸದವರಿಗೆ ಹಂಚುತ್ತಿದ್ದಳು. ಜೋಕಾಲಿ ಕಟ್ಟೋಣವೇ ಎಂದರೆ ಸೊಂಟ ನೋವು ಎನ್ನುತ್ತಿದ್ದಳು.

ಹೋದ ವರ್ಷ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಎದೆ ಹಿಡಿಯಿತು ಎಂದಳು, ಆಸ್ಪತ್ರೆ ಮುಟ್ಟಲಿಲ್ಲ. ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ತವರಿನ ಸೀರೆ ಬರುವ ತನಕ ಎತ್ತುವ ಹಾಗಿಲ್ಲ. ಮಧ್ಯಾಹ್ನ ಮಾಮಾ ಬಂದ. ಕೈಯಲ್ಲಿ ಹಸಿರು ಸೀರೆ. ಮುದುಕನಾಗಿದ್ದ, ಯಾರೋ ರಟ್ಟೆ ಹಿಡಿದು ಇಳಿಸಿಕೊಂಡರು. ಸೀರೆ ಹೊದಿಸಿ, ಅವ್ವನ ಕಾಲ ಹತ್ತಿರ ಕುಸಿದು ಕೂತು, "ನಿನಗ ತೋರಸಾಕ ಮಾರಿ ಇರಲಿಲ್ಲ ತಂಗಿ," ಎಂದು ಅಳತೊಡಗಿದ.

ನನ್ನ ಮೈಯೆಲ್ಲ ಉರಿಯಿತು. "ಅಕಿ ನಿನ್ನ ಮಾರಿ ಕೇಳಿದ್ಲೇನು? ಕರಿಯಾಕ ಬಾ ಅಂತ ದಾರಿ ಕಾದ್ಲು. ಕರಿಯಾಕ ಬರಲಿಲ್ಲ, ಈಗ ಕಳಸಾಕ ಬಂದಿ!" ಎಂದು ಅಷ್ಟು ಮಂದಿಯ ಎದುರಿಗೆ ಒದರಿದೆ. ಮಾಮಾ ತಲೆ ಎತ್ತಲಿಲ್ಲ. ಬಸು ನನ್ನನ್ನು ಒಳಗೆ ಎಳೆದುಕೊಂಡು ಹೋದ. ಮಣ್ಣು ಮುಗಿಯುವ ತನಕ ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ, ಸಿಟ್ಟು ಅಷ್ಟು ಗಟ್ಟಿ ಕೂತಿತ್ತು. ಅಳದ ಮಗಳೆಂದು ಮಂದಿ ಆಡಿಕೊಂಡಿರಬೇಕು. ಆರು ತಿಂಗಳಿಗೆ ಅಪ್ಪನೂ ಹೋದ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಮಣೂಕವೊಂದೇ ಕಾರಣವಲ್ಲ. ಅದಾಗಿ ಎರಡು ದಿನಕ್ಕೆ ಬಸು ಬಂದ. ಅವ್ವನ ಮೂಗು, ಅವ್ವನ ಸಂಕೋಚ ಎರಡನ್ನೂ ಹೊತ್ತು ಹುಟ್ಟಿದವನು. ಚಹಾ ಕುಡಿದ, ಮಕ್ಕಳನ್ನು ವಿಚಾರಿಸಿದ, ಮಳೆಯ ಬಗ್ಗೆ ಎರಡು ಸಲ ಹೇಳಿದ. ಆಮೇಲೆ ವಿಷಯಕ್ಕೆ ಬಂದ. ಅರಿಷಿಣ ಕುದಿಸಿ ಪುಡಿ ಮಾಡುವ ಘಟಕ ಹಾಕಬೇಕೆಂದಿದ್ದಾನೆ. ಸರಕಾರದ ಬ್ಯಾಂಕಿನಿಂದ ಸಾಲ ಸಿಗುತ್ತದೆ. ಅಪ್ಪನ ಹೊಲದಲ್ಲಿ ಈಗ ನನ್ನ ಹೆಸರೂ ಇದೆ.

"ಹಕ್ಕಸೋಡ ಮಾಡಿಕೊಟ್ರ ಕೆಲಸ ಲಗೂನ ಆಕ್ಕತಿ ಅಕ್ಕಾ," ಎಂದು ನೆಲ ನೋಡುತ್ತಾ ಹೇಳಿದ. "ಸೀರಿನೂ ತಂದೀನಿ."

ಆ ಸೀರೆಯನ್ನು ಅವನ ಕಡೆಗೇ ಸರಿಸಿದೆ. "ಹಕ್ಕ ಬಿಡೂದಿಲ್ಲ," ಎಂದೆ.

ಅವನ ಮುಖ ಸಣ್ಣದಾಯಿತು. "ಆತ ಬಿಡು," ಎಂದು ಎದ್ದ.

"ಕೂಡೋ ಹುಚ್ಚಾ. ಬಿಟ್ಟುಕೊಡೂದಿಲ್ಲ ಅಂದೆ, ಸಹಿ ಮಾಡೂದಿಲ್ಲ ಅಂದೆನೇನು? ನಿನ್ನ ಜೋಡಿ ನಾನೂ ಒತ್ತಿ ಇಡ್ತೀನಿ. ಸಾಲದಾಗ ನಂದೂ ಹೆಸರ ಹಾಕ್ಸು."

"ಮುಳಗಿದ್ರ ನಿನಗೂ ತ್ರಾಸ ಆಕ್ಕತಿ ಅಕ್ಕಾ."

"ಆಗ್ಲಿ. ಇಬ್ಬರದೂ ಮುಳಗಿದ್ರ ನೀ ನನಗ ಯಾಕ ನಾಚ್ತಿ? ಇಬ್ಬರೂ ಕೂಡಿ ಅಳೂಣು. ಆದ್ರ ಪಂಚಮಿಗೆ ಬರೂದು ತಪ್ಪಸಬ್ಯಾಡ."

ಬಸು ವಕೀಲರನ್ನು ಕೇಳಿ ಹೇಳುತ್ತೇನೆ ಎಂದು ಹೋದ. ಸಂಜೆ ಫೋನ್ ಬಂತು. ಹಾಗೆ ಮಾಡಲಿಕ್ಕೆ ಬರುತ್ತದಂತೆ. ಒತ್ತೆಗೆ ಇಬ್ಬರ ಸಹಿಯಿದ್ದರೆ ಬ್ಯಾಂಕಿನವರಿಗೆ ಸಾಕಂತೆ, ಯಾರೂ ಯಾರಿಗೂ ಏನೂ ಬಿಟ್ಟುಕೊಡಬೇಕಾಗಿಲ್ಲ. "ಆವಾಗೂ ಹಂಗ ನಡೀತಿತ್ತಂತ, ಅಕ್ಕಾ," ಎಂದ. "ಯಾರೂ ಕೇಳಿರಲಿಲ್ಲ ಅಷ್ಟ."

ಫೋನ್ ಇಟ್ಟೆ. ಅವ್ವ ಎಲ್ಲ ಬಿಟ್ಟುಕೊಟ್ಟಳು, ಎಲ್ಲ ಬಿಟ್ಟುಕೊಟ್ಟವಳ ಎದುರು ನಿಲ್ಲಲು ಮಾಮಾನಿಗೆ ಆಗಲಿಲ್ಲ. ಪಾಲು ಇಟ್ಟುಕೊಂಡು ಜೊತೆಗೆ ಸಹಿ ಮಾಡಿದ್ದರೆ ಇಬ್ಬರೂ ಕೂಡಿಯೇ ಕಳೆದುಕೊಳ್ಳುತ್ತಿದ್ದರು. ಆಗ ಅವನು ಬೈಸಿಕೊಳ್ಳಲಿಕ್ಕಾದರೂ ಬರುತ್ತಿದ್ದ. ಅವ್ವ ಬೈಯುತ್ತಿರಲಿಲ್ಲ. ಈಗ ಬಂದ್ಯಾ ಅಣ್ಣಾ ಎಂದು ಕೇಳಿ ಚೀಲ ತರಲು ಒಳಗೆ ಓಡುತ್ತಿದ್ದಳು. ಪಡಸಾಲೆಯಲ್ಲಿ ಒಬ್ಬಳೇ ಕೂತು, ಮಣ್ಣಿನ ದಿನ ಬಾರದ ಅಳುವನ್ನೆಲ್ಲ ಅತ್ತೆ.