ಇಪ್ಪತ್ತೊಂದು ಲಾಕ್‌ಗಳ ಶನಿವಾರ

ಕಳೆದ ವಾರ ಗ್ಯಾರೇಜ್ ಗುಡಿಸುವಾಗ ಮೂಲೆಯಲ್ಲಿ ನನ್ನ ಹಳೆಯ ರೇನ್‌ಕೋಟ್ ಸಿಕ್ಕಿತು. ಮಡಿಕೆ ಬಿಡಿಸಿದ್ದೇ ತಡ, ಡೀಸೆಲ್ಲೂ ಕಾಲುವೆಯ ಪಾಚಿಯೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಪೊರಕೆ ಬದಿಗಿಟ್ಟು ಅಲ್ಲೇ ಕುಳಿತೆ. ಪಕ್ಕದ ಮನೆಯ ಡಾಕ್ಟರಮ್ಮ ನೆನಪಾದರು…

ಸರ್ಜನ್ ಆಗಿ ನಾನು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ಗೆ ಬಂದಾಗ ಅವರು ಅರಿವಳಿಕೆ ವೈದ್ಯೆಯ ಕೆಲಸದಿಂದ ನಿವೃತ್ತರಾಗಿದ್ದರು. ಧಾರವಾಡದವರು. ಮೈಸೂರಿನವಳಾದ ನನ್ನ ಜೊತೆ ಬೆಂಗಳೂರಿನ ಕನ್ನಡ ಆಡುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಊರಿನ ಮಾತು ಹೊರಬೀಳುತ್ತಿತ್ತು. ಗಂಡ ತೀರಿಕೊಂಡಾಗ ಅವರಿಗೆ ಉಳಿದದ್ದು ಒಂದು ನ್ಯಾರೋಬೋಟ್, ಬಸ್ಸಿಗಿಂತ ಉದ್ದ, ಕಾರಿನಷ್ಟೇ ಅಗಲದ ಕಾಲುವೆ ದೋಣಿ. ಅದರೊಳಗೆ ಹೋಗಬೇಕೆಂದರೆ ಯಾರೇ ಆಗಲಿ ಶೂ ಬಿಚ್ಚಲೇಬೇಕಿತ್ತು.

ಲೀಡ್ಸ್‌ನಲ್ಲಿದ್ದ ಮಗಳಿಗೆ ಆ ದೋಣಿ ಕಂಡರೆ ಭಯ. ಎಪ್ಪತ್ತು ದಾಟಿದ ಅಮ್ಮ ನೀರಿಗೆ ಬಿದ್ದರೆ ಏನು ಗತಿ, ಮಾರಿಬಿಡಿ ಎಂದು ಹಟ ಹಿಡಿದಿದ್ದಳು. ಅಮ್ಮನ ಹಟವೇನೂ ಕಡಿಮೆಯದಲ್ಲ. ಕೊನೆಗೊಂದು ಒಪ್ಪಂದವಾಯಿತು. ಊರಿನ ಕಾಲುವೆಯ ಇಪ್ಪತ್ತೊಂದು ಲಾಕ್‌ಗಳನ್ನು ಒಂದೇ ದಿನದಲ್ಲಿ, ದಾರಿಯಲ್ಲಿ ಯಾರನ್ನೂ ಸಹಾಯಕ್ಕೆ ಕರೆಯದೆ ಇಳಿದರೆ ದೋಣಿ ಅಮ್ಮನದು. ಇಲ್ಲವಾದರೆ ಮಾರಾಟ. ಜೊತೆಗೆ ಒಬ್ಬರಿರಬಹುದು. ಆ ಒಬ್ಬರು ನಾನು, ದೋಣಿಯ ಗಂಧಗಾಳಿ ಇಲ್ಲದವಳು.

ಲಾಕ್ ಎಂದರೆ ನೀರಿನ ಮೆಟ್ಟಿಲು. ದೋಣಿಯನ್ನು ಇಟ್ಟಿಗೆಯ ತೊಟ್ಟಿಯೊಳಗೆ ತಂದು, ಹಿಂದಿನ ಗೇಟು ಮುಚ್ಚಿ, ಮುಂದಿನ ಗೇಟಿನ ಪ್ಯಾಡಲ್ ಎಂಬ ಹಲಗೆಯನ್ನು ಎತ್ತಿದರೆ ನೀರು ಹರಿದುಹೋಗಿ ದೋಣಿ ಇಳಿಯುತ್ತದೆ. ಆ ಶನಿವಾರ ಬೆಳಗಿನಿಂದಲೇ ಜಿಟಿಜಿಟಿ ಮಳೆ. ದಡದ ಮೇಲೆ ಗೇಟು, ಹಗ್ಗದ ಕೆಲಸ ನನ್ನದು. ಡಾಕ್ಟರಮ್ಮ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು, ಫ್ಲಾಸ್ಕಿನ ಚಹಾ ಹೀರುತ್ತ ನಿಂತಿದ್ದರು. ನಾಯಿ ಅಡ್ಡಾಡಿಸುವ ಅಜ್ಜಂದಿರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಹೀಗೆ ನಿಧಾನವಾಗಿ ಸಾಗುವುದೂ ಒಂದು ಸುಖ ಎಂದು ನನಗೆ ಅನ್ನಿಸತೊಡಗಿತ್ತು.

ಒಂಬತ್ತನೆಯ ಲಾಕ್‌ನಲ್ಲಿ ಎಡವಟ್ಟಾಯಿತು. ಮುಂದಿನ ಹಗ್ಗವನ್ನು ದಡದ ಗೂಟಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಕೈಯಲ್ಲೇ ಹಿಡಿದು, ದೋಣಿ ಇಳಿದಂತೆಲ್ಲ ಸಡಿಲ ಬಿಡಬೇಕು. ಎಂಟು ಸಲ ಹಾಗೇ ಮಾಡಿದ್ದೆ. ಮಳೆಗೆ ಕೈ ಮರಗಟ್ಟಿತ್ತು. ಕಟ್ಟಿಬಿಟ್ಟರಾಯಿತು ಎಂದುಕೊಂಡೆ. ಬೆರಳುಗಳು ತಮ್ಮಷ್ಟಕ್ಕೆ ಆಪರೇಷನ್ ಥಿಯೇಟರಿನ ಗಂಟು ಹಾಕಿದವು, ಒಂದರ ಮೇಲೊಂದು ಮೂರು. ಬಿಚ್ಚಿಕೊಳ್ಳದ ಗಂಟು ನನ್ನ ಹೆಮ್ಮೆಯಾಗಿತ್ತು.

ಪ್ಯಾಡಲ್ ಎತ್ತಿದೆ. ನೀರು ಇಳಿಯಿತು, ದೋಣಿಯ ಮೂತಿ ಹಗ್ಗಕ್ಕೆ ನೇತುಬಿದ್ದು ಮೇಲೇ ಉಳಿಯಿತು. ಒಳಗೆ ಪಾತ್ರೆಗಳು ದಡಬಡ ಉರುಳಿದವು.

"ಗಂಟ್ ಯಾಕ ಹಾಕಿದಿ? ಮೊದಲ ಆ ಪ್ಯಾಡಲ್ ಇಳಿಸು. ಆಮ್ಯಾಲೆ ಹಿಂದಿಂದು ಎತ್ತು, ನೀರ ತುಂಬಲಿ. ಓಡಬ್ಯಾಡ, ಜಾರ್ತದ."

ದನಿ ಏರಲಿಲ್ಲ. ವಾಲಿದ ದೋಣಿಯಲ್ಲಿ ಚುಕ್ಕಾಣಿ ಬಿಡದೆ ನಿಂತಿದ್ದರು. ದಾರಿಹೋಕನೊಬ್ಬ ಫೋನ್ ತೆಗೆದು, ಯಾರನ್ನಾದರೂ ಕರೆಯಲೇ ಎಂದು ಕೇಳಿದ. ನಾನು ಆಗಲೇ ಹೂಂ ಎಂದು ತಲೆಯಾಡಿಸಿದ್ದೆ. "ನೋ ಥ್ಯಾಂಕ್ಸ್, ಲವ್," ಎಂದರು ಡಾಕ್ಟರಮ್ಮ, ಇಲ್ಲಿನವರ ಧಾಟಿಯಲ್ಲೇ. ನೀರು ತುಂಬಿತು, ದೋಣಿ ಮಟ್ಟಕ್ಕೆ ಬಂತು. ಗಂಟು ಮಾತ್ರ ಬಿಚ್ಚಲಿಲ್ಲ. ಬ್ರೆಡ್ ಕೊಯ್ಯುವ ಚಾಕುವಿನಿಂದ ಹಗ್ಗವನ್ನೇ ಕೊಯ್ದೆವು.

"ಇಲ್ಲಿಗೆ ನಿಲ್ಲಿಸೋಣ ಆಂಟಿ. ತಪ್ಪು ನಂದೇ ಅಂತ ನಾನೇ ಹೇಳ್ತೀನಿ."

"ಯಾರ ಹೊಟ್ಟೆ ಹೊಲಿಯೋಕೆ ಬಂದಿದ್ದೆ ನೀನು?" ಎಂದರು. ಬೆಂಗಳೂರಿನ ಕನ್ನಡಕ್ಕೆ ಮರಳಿದ್ದರು, ಸಿಟ್ಟು ಇಳಿದಿತ್ತು. "ಇದೂ ಸೇರಿ ಇನ್ನೂ ಹದಿಮೂರಿದೆ. ನಡಿ."

ಮುಗಿಸಿದೆವು. ಕೊನೆಯ ಗೇಟಿನಾಚೆ ಮಗಳು ಛತ್ರಿ ಹಿಡಿದು ಕಾಯುತ್ತಿದ್ದಳು. "ಎನಿ ಪ್ರಾಬ್ಲಮ್ಸ್, ಮಮ್?" ಎಂದಳು. ನಾನು ನೆಲ ನೋಡಿದೆ. ಸುಳ್ಳು ಹೇಳಿದ್ದರೆ ನಡೆದುಹೋಗುತ್ತಿತ್ತು. ಅವರು ಗಂಟು, ವಾಲಿದ ದೋಣಿ, ಉರುಳಿದ ಪಾತ್ರೆ ಎಲ್ಲವನ್ನೂ ಹೇಳಿದರು. "ಸರಿ ಮಾಡ್ಕೊಂಡ್ವಿ. ಯಾರನ್ನೂ ಕರೀಲಿಲ್ಲ." ಮಗಳು ಛತ್ರಿಯನ್ನು ಅಮ್ಮನ ತೊಯ್ದ ತಲೆಯ ಮೇಲೆ ಹಿಡಿದಳು. "ಓಕೆ," ಎಂದಳು. "ಕೀಪ್ ಇಟ್."

ಮತ್ತೆ ಮೂರು ಬೇಸಿಗೆ ದೋಣಿ ಅವರದಾಗಿಯೇ ಇತ್ತು. ಬೇಲಿಯಾಚೆಯಿಂದ ಕೇಳುತ್ತಿದ್ದರು: "ಶನಿವಾರ ಬಿಡುವಿದೆಯೇನೆ?" ಆಸ್ಪತ್ರೆಯ ಡ್ಯೂಟಿ ರೋಟಾ ಇದೆ ಆಂಟಿ ಎನ್ನುತ್ತಿದ್ದೆ. ಕೆಲವೊಮ್ಮೆ ಅದು ನಿಜವೂ ಆಗಿತ್ತು. ಹೆಚ್ಚಿನ ಸಲ ಅದು ಭಯ. ವಾಲಿದ ದೋಣಿಯ ಮೇಲೆ ಅವರು ನಿಂತಿದ್ದ ಚಿತ್ರ ಕಣ್ಣಿನಿಂದ ಹೋಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದ್ದರೆ ನಕ್ಕು, ಕೈಹಿಡಿದು ಎಳೆದೊಯ್ಯುತ್ತಿದ್ದರು. ಹೇಳಲಿಲ್ಲ… ನಾಲ್ಕನೆಯ ಚಳಿಗಾಲದಲ್ಲಿ ಹೋಗಿಬಿಟ್ಟರು. ಮಗಳು ಅಳುತ್ತಲೇ ದೋಣಿ ಮಾರಿದಳು.

ಈ ವಾರಾಂತ್ಯಕ್ಕೆ ನಾನೊಂದು ದೋಣಿ ಬಾಡಿಗೆಗೆ ಹೇಳಿದ್ದೇನೆ. ಅದೇ ಇಪ್ಪತ್ತೊಂದು. ಮಳೆಯಿದೆಯಂತೆ, ಇರಲಿ. ಭಯವೂ ಇದೆ, ಆದರೂ ಹೋಗುತ್ತೇನೆ. ಅವರಿಗಾಗಿ ಹೋಗುತ್ತಿದ್ದೇನೆ ಎಂದು ಮಾತ್ರ ಹೇಳಿಕೊಳ್ಳಲಾರೆ. ಅವರು ಮೂರು ಬೇಸಿಗೆ ಕರೆದರು, ನಾನು ಒಂದು ದಿನವೂ ಹೋಗಲಿಲ್ಲ.