ಕೇಳದೆ ಬಿಟ್ಟ ಹಸುವಿನ ಮಾತು

ಮಂಜಕ್ಕ, ನೀನು ಜೈಲಿಗೆ ಬಂದ ದಿನ ನಿನ್ನನ್ನು ನಾನು ನೋಡಿದ ಕೂಡಲೇ ಗುರುತಿಸಿದ್ದೆ. ಗುರುತಿಲ್ಲದವಳ ಹಾಗೆ, "ಹೆಸರು ಹೇಳಮ್ಮ" ಅಂದೆ. ಒಳಗೆ ನಿನ್ನ ಜೀವ ಉಳಿಸಿದವಳು ನಾನು ಎಂದು ನಮ್ಮೂರು ಹೆಬ್ಬೂರಿನಲ್ಲಿ ಎಲ್ಲರೂ ನಂಬಿದ್ದಾರೆ. ಅದು ಸುಳ್ಳು. ಆ ಸುಳ್ಳನ್ನು ನಾನು ಆಡಲಿಲ್ಲ — ಆಡಿದವರನ್ನು ತಡೆಯಲೂ ಇಲ್ಲ.

ಆ ದಿನ ನೀನು ನೀಲಿ ಸೀರೆ ಉಟ್ಟಿದ್ದೆ. ಅಥವಾ ನೀಲಿ ಎಂದು ನಾನು ಆಮೇಲೆ ಬಳಿದುಕೊಂಡೆನೋ. ನೀನು ನನ್ನನ್ನು ನೋಡಿ ನಕ್ಕೆ ಎಂದೂ ನೆನಪು. ಆ ನಗುವಿನ ಮೇಲೆ ನನಗೆ ಅನುಮಾನವಿದೆ. ಆ ನಗು ನಿಜವಾದರೆ ನನಗೆ ಅನುಕೂಲ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ವಾದ ಮಾಡುತ್ತದೆ. ಖಚಿತವಾಗಿರುವುದು ಇಷ್ಟು: ಮೈದುನನಿಗೆ ಮಚ್ಚಿನಲ್ಲಿ ಹೊಡೆದ ಕೇಸಿನಲ್ಲಿ ಗುಬ್ಬಿ ಕಡೆಯಿಂದ ನಿನ್ನನ್ನು ಕರೆತಂದಿದ್ದರು. ನೀನು ನನ್ನ ದೊಡ್ಡಮ್ಮನ ಮಗಳು, ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು. ನಾನು ಅಲ್ಲಿನ ಕೌನ್ಸೆಲರ್. ಹೊಸದಾಗಿ ಬಂದ ಹೆಂಗಸರ ಮನಸ್ಸು ಹೇಗಿದೆ, ಸಾಯುವ ಯೋಚನೆ ಏನಾದರೂ ಇದೆಯೇ ಎಂದು ಕೇಳಿ ನೋಡುವುದು ನನ್ನ ಕೆಲಸ. ಪರಿಚಯದವರು ಬಂದರೆ ಬಾಯಿಬಿಟ್ಟು ಹೇಳಿ ಇನ್ನೊಬ್ಬರಿಗೆ ಒಪ್ಪಿಸಬೇಕು. ನಮ್ಮ ಮನೆಯ ಹೆಣ್ಣು ಒಳಗಿದ್ದಾಳೆ ಎಂದು ಆಫೀಸಿಗೆ ಗೊತ್ತಾಗುವುದು — ನನಗೆ ಬೇಕಿರಲಿಲ್ಲ.

ವಾರ್ಡರ್ ಶಾಂತಮ್ಮ ಬಾಗಿಲಲ್ಲೇ ನಿಂತಿದ್ದರು. "ಏನಮ್ಮ, ನಮ್ ಮೇಡಂನ ಹಂಗೇ ನುಂಗೋ ಥರ ನೋಡ್ತಿದೀಯ? ನೆಂಟ್ರೇನೋ?"

ನೀನು ತಲೆ ಬಗ್ಗಿಸಿದೆ. "ಅಯ್ಯೋ, ನಮ್ಗೆಲ್ಲಿ ಇಂಥ ನೆಂಟ್ರು ಬುಡಿ."

ಶಾಂತಮ್ಮ ನಕ್ಕರು. ನಾನೂ ನಕ್ಕೆ. ಇದು ಮಾತ್ರ ಅನುಮಾನವಿಲ್ಲದ ನೆನಪು.

ನಿದ್ದೆ ಬರುತ್ತಾ, ಊಟ ಸೇರುತ್ತಾ, ಬದುಕು ಸಾಕು ಅನ್ನಿಸುತ್ತಾ — ಎಲ್ಲಕ್ಕೂ ನಿನ್ನ ಉತ್ತರ, "ಚೆನ್ನಾಗಿದೀನಿ ಮೇಡಂ". ಹೊಸಬರೆಲ್ಲ ಹಾಗೇ ಹೇಳುತ್ತಾರೆ. ಅದಕ್ಕೇ ನಾನೊಂದು ದಾರಿ ಕಂಡುಕೊಂಡಿದ್ದೆ. ಕೊನೆಯಲ್ಲಿ ಪೆನ್ನು ಕೆಳಗಿಟ್ಟು, ಸುಮ್ಮನೆ ಮಾತಿಗೆ ಎಂಬಂತೆ ಕೇಳುತ್ತಿದ್ದೆ: "ಮನೇಲಿ ಹಸು ಇದ್ಯೇನಮ್ಮ? ಈಗ ಯಾರು ನೋಡ್ಕೋತಾರೆ?" ತಮ್ಮ ಬಗ್ಗೆ ಒಂದಕ್ಷರ ಆಡದವರು ಹಸುವಿನ ಬಗ್ಗೆ ಆಡುತ್ತಾರೆ. ಕುಣಿಗಲ್ ಕಡೆಯ ಒಬ್ಬಳು, "ಅದ್ಕೂ ನಾನಿಲ್ದೇ ರೂಢಿ ಆಯ್ತದೆ, ನನ್ ಮಕ್ಳಿಗಾದಂಗೆ" ಅಂದಾಗ ನಾನು ಅವಳನ್ನು ಆವತ್ತೇ ಡಾಕ್ಟರ ಹತ್ತಿರ ಕಳಿಸಿದ್ದೆ. ಅವಳು ಉಳಿದಳು. ಈ ಪ್ರಶ್ನೆ ಯಾವ ಪುಸ್ತಕದಲ್ಲೂ ಇರಲಿಲ್ಲ, ನಾನೇ ಕಂಡದ್ದು. ಹೆಮ್ಮೆ ಇತ್ತು, ಈಗಲೂ ಇದೆ. ಅದನ್ನು ಮುಚ್ಚಿಟ್ಟು ತಪ್ಪೊಂದನ್ನೇ ಒಪ್ಪಿಕೊಂಡರೆ ಅದೂ ಒಂದು ಸುಳ್ಳೇ.

ನಿನಗೆ ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ನಿನ್ನ ಹಸು ನಮ್ಮಮ್ಮನ ಕೊಟ್ಟಿಗೆಯಲ್ಲಿತ್ತು. ನಮ್ಮ ಸೋದರಮಾವ ಹಿಂದಿನ ದಿನವೇ ಹೊಡೆದುಕೊಂಡು ಬಂದು ಕಟ್ಟಿದ್ದ. ಕೇಳಿದ್ದರೆ ಶಾಂತಮ್ಮನ ಮುಂದೆ ನೀನು, "ನಿಮ್ಮನೇಲೇ ಐತಲ್ಲೇ" ಅನ್ನಬೇಕಾಗಿತ್ತು. "ಆಯ್ತು, ಹೋಗಮ್ಮ" ಅಂದೆ. ನೀನು ಹೋದೆ.

ಕೆಲವೇ ದಿನಗಳಲ್ಲಿ ನೀನು ಸಾಯಲು ಹೊರಟೆ. ಪಕ್ಕದಲ್ಲಿ ಮಲಗಿದ್ದವಳು ಎಚ್ಚರಗೊಂಡು ನಿನ್ನ ಕೈ ಹಿಡಿದಳು. ಉಳಿಸಿದ್ದು ಅವಳು. ಆಮೇಲೆ ಜೈಲಿನಲ್ಲಿ ನಡೆದ ವಿಚಾರಣೆಯಲ್ಲಿ ನಾನು, "ಕೇಳಿದ್ದೆ ಸರ್, ಏನೂ ಇಲ್ಲ ಅಂದ್ರು" ಅಂದೆ. ಆಸ್ಪತ್ರೆಯ ಮಂಚದಿಂದ ನೀನು ಹೇಳಿದೆಯಂತೆ — "ಮೇಡಂ ಚೆನ್ನಾಗೇ ಕೇಳಿದ್ರು. ನಾನೇ ಹೇಳ್ಲಿಲ್ಲ."

ಆಮೇಲೆ ನಾನು ಹಟ ಹಿಡಿದು ಕೆಲಸ ಮಾಡಿದೆ. ಈಗ ನಮ್ಮಲ್ಲಿ ಪ್ರಶ್ನೆ ಕೇಳುವಾಗ ವಾರ್ಡರ್ ಹೊರಗಿರುತ್ತಾರೆ. ಬಂದ ದಿನ ಒಮ್ಮೆ ಕೇಳಿ ಕೈತೊಳೆದುಕೊಳ್ಳುವುದಿಲ್ಲ. ವಾರ ಕಳೆದು ಮತ್ತೆ ಕೂರಿಸಿಕೊಂಡು ಕೇಳುತ್ತೇವೆ. ಹೊಸ ಕೌನ್ಸೆಲರ್‌ಗಳಿಗೆ ಬಟವಾಡಿಯ ಕೇಂದ್ರದಲ್ಲಿ ತರಬೇತಿ ಕೊಡುತ್ತೇನೆ, ಹಸುವಿನ ಪ್ರಶ್ನೆಗೆ ಚಪ್ಪಾಳೆ ಬೀಳುತ್ತದೆ. ಆದರೆ ಇದಕ್ಕಿಂತ ದೊಡ್ಡ ಹೆಮ್ಮೆ ನೀನು. ಡಾಕ್ಟರ ಮುಂದೆ ಬಾಯಿಬಿಟ್ಟೆ, ಮಾತ್ರೆ ತಪ್ಪಿಸಲಿಲ್ಲ. ಹೊಸದಾಗಿ ಬಂದು ಗೋಡೆಗೆ ಮುಖ ಮಾಡಿ ಕೂತವರ ಪಕ್ಕ ಕೂತು, "ಮೇಡಂಗೆ ಹೇಳು, ನುಂಗ್ಕೋಬ್ಯಾಡ ಕಣೇ" ಎಂದು ಅವರನ್ನು ನನ್ನ ಹತ್ತಿರವೇ ಕಳಿಸಿದೆ. ಕೇಸು ಬಿದ್ದುಹೋಯಿತು, ನೀನು ಕುಣಿಗಲ್ಲಿನಲ್ಲಿ ಹೊಲಿಗೆ ಅಂಗಡಿ ಇಟ್ಟೆ. ಈ ಹೆಮ್ಮೆಯನ್ನು ಯಾರಿಗೂ ಹೇಳಿಕೊಳ್ಳಲಾಗಲಿಲ್ಲ — ಹೇಳಬೇಕಾದರೆ ನೀನು ನನಗೆ ಯಾರು ಎಂಬುದನ್ನೂ ಹೇಳಬೇಕಲ್ಲ.

ಹೋದ ವಾರ ಹೆಬ್ಬೂರಿನಲ್ಲಿ, ಅವರೆಕಾಯಿ ಸುಲಿಯುತ್ತಾ ಅಮ್ಮ ಪಕ್ಕದ ಮನೆಯವರಿಗೆ, "ಅಲ್ಲಿ ನಮ್ ಹುಡ್ಗಿ ಇದ್ಲು, ಅದ್ಕೇ ಮಂಜಿ ಉಳುದ್ಲು" ಅಂದಳು. ಅವರು ಹೋದ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅವ್ಳಿಗೆ ಹೇಳಿದ್ಯೇನೇ?"

"ಇಲ್ಲಮ್ಮ."

"ಮತ್ತೆ ನಂಗ್ಯಾಕೆ ಹೇಳ್ತೀಯ? ನಾನೇನ್ ಕೋರ್ಟಾ?"

ನಿನ್ನೆ ಮೇಲಧಿಕಾರಿಗೂ ಹೇಳಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನಿನಗೆ ಫೋನ್ ಮಾಡಿ, ನೀನು "ಹಲೋ" ಅಂದ ತಕ್ಷಣ ಇಟ್ಟವಳೂ ನಾನೇ — ಅದಕ್ಕೇ ಇದನ್ನು ಬರೆದೆ. ಭಾನುವಾರ ಕುಣಿಗಲ್ಲಿಗೆ ಬರುತ್ತೇನೆ. ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಇರಲಿ. ಅವರೆಲ್ಲರ ಮುಂದೆ ಅಕ್ಕಾ ಎಂದು ಕೂಗುತ್ತೇನೆ. ನೀನು ಹೊಲಿಗೆ ಮಿಷನ್ ನಿಲ್ಲಿಸಿ ತಿರುಗಿ ನೋಡಲೇಬೇಕೆಂದಿಲ್ಲ.